ಡಬ್ಬಿಯಲ್ಲಿ ಇಲ್ಲದ ಮಾತ್ರೆಗಳು

2025ರ ನವೆಂಬರ್ 12, ಬುಧವಾರ. ಮಧ್ಯಾಹ್ನ ಎರಡು ನಲವತ್ತಕ್ಕೆ ವೆಂಕಟಯ್ಯ ಠಾಣೆಗೆ ಬಂದಾಗ ಅವನ ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ವಿರೂಪಾಕ್ಷಿಪುರ ಹೋಬಳಿಯ ಕಲ್ಲುಕಟ್ಟೆದೊಡ್ಡಿಯಿಂದ ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ. ಬರೆಯುವ ಮೇಜಿನ ಮುಂದೆ ನಿಲ್ಲದೆ ನೇರ ಇನ್‌ಸ್ಪೆಕ್ಟರ್ ಚೈತ್ರಾ ಅವರ ಕೋಣೆಗೆ ನುಗ್ಗಿದ.

"ನಮ್ಮಣ್ಣ ಬೋರಲಿಂಗಯ್ಯನ ತಲೆ ಒಡ್ದಾಕ್ಬುಟ್ಟವ್ರೆ ಮೇಡಂ. ಊಟಕ್ಕೆ ಕರ್ಯಾಕೆ ಹೋದೆ, ಬಿದ್ದಿದ್ದ. ಜೀವ ಇಲ್ಲ."

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತು? ಸ್ವಾಮಿ ಅಂತ, ನಮ್ಮೂರ ಹುಚ್ಚ. ಅವನೇ ಒಪ್ಕಂಡವ್ನೆ. ಊರ್ನೋರು ಕಂಬಕ್ಕೆ ಕಟ್ಟವ್ರೆ."

ಚೈತ್ರಾ ಆಗಲೇ ಎದ್ದು ಟೋಪಿ ತೆಗೆದುಕೊಂಡಿದ್ದರು. "ರಸೂಲ್, ದೂರು ಬರೆಸಿಕೊಂಡು ಎಫ್‌ಐಆರ್ ಹಾಕೋಕೆ ಹೇಳಿ. ನೀವು ನನ್ನ ಜತೆ ಬನ್ನಿ. ಅವನನ್ನೂ ಸಾಯಿಸೋ ಮೊದಲು ತಲುಪಬೇಕು."

ಹೆಡ್ ಕಾನ್‌ಸ್ಟೆಬಲ್ ರಸೂಲ್‌ಗೆ ಇಪ್ಪತ್ತೆರಡು ವರ್ಷದ ಸರ್ವಿಸು. ಆ ಹೋಬಳಿಯ ಪ್ರತಿ ಕಾಲುದಾರಿಯೂ ಅವರಿಗೆ ಗೊತ್ತಿತ್ತು. ಮೂರೂವರೆಗೆ ಜೀಪು ಊರು ಸೇರಿತು.

ಹಾಲಿನ ಡೇರಿಯ ಮುಂದಿನ ಕಂಬಕ್ಕೆ ಸ್ವಾಮಿಯನ್ನು ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದಿದ್ದರು. ಮೂವತ್ತೊಂದು ವರ್ಷದ ಸಣಕಲು ಆಳು. ಹುಬ್ಬು ಒಡೆದು ಅಂಗಿಯ ಮೇಲೆಲ್ಲ ರಕ್ತ ಇಳಿದಿತ್ತು. ಅವನ ಅಕ್ಕ ಭಾನುಪ್ರಿಯ ಕಂಬದ ಬುಡದಲ್ಲಿ ಕೂತು ತಮ್ಮನ ಪಾದ ಹಿಡಿದುಕೊಂಡಿದ್ದಳು.

"ಯಾರು ಹೊಡೆದದ್ದು?" ಚೈತ್ರಾ ಕೇಳಿದರು. ಸುತ್ತ ನಿಂತಿದ್ದ ನಲವತ್ತು ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಸ್ವಾಮಿ ಮಾತ್ರ ತಲೆ ಎತ್ತಿದ. "ನಾನೇ ಸಾಯ್ಸ್ದೆ. ಮಚ್ಚಲ್ಲಿ ಕಡುದ್ಬುಟ್ಟೆ. ನನ್ನ ಕರ್ಕಂಡೋಗಿ."

ರಸೂಲ್ ಹಗ್ಗ ಕೊಯ್ದರು. ಇಬ್ಬರು ಕಾನ್‌ಸ್ಟೆಬಲ್‌ಗಳ ಜೊತೆ ಸ್ವಾಮಿಯನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಕಳಿಸಿದ ಮೇಲೆಯೇ ಚೈತ್ರಾ ಕೊಲೆಯಾದ ಜಾಗಕ್ಕೆ ಹೋದರು.

ಬೋರಲಿಂಗಯ್ಯನ ಮನೆ ಊರ ಹೊರಗೆ, ಕೆರೆ ಏರಿಯ ಕೆಳಗಿತ್ತು. ಐವತ್ತೆಂಟು ವರ್ಷದ ಅವನು ಮಂಗಳವಾರ, ಶುಕ್ರವಾರ ತಾಯತ ಕಟ್ಟುತ್ತಿದ್ದ. ಗಾಳಿ ಬಿಡಿಸುತ್ತೇನೆ ಎನ್ನುತ್ತಿದ್ದ. ಬಾಗಿಲ ತೋರಣಕ್ಕೆ ಮಾವಿನೆಲೆ ಇರಲಿಲ್ಲ. ನವಿಲುಗರಿ, ಹುಂಜದ ಪುಕ್ಕಗಳನ್ನು ಪರದೆಯಂತೆ ದಟ್ಟವಾಗಿ ಇಳಿಬಿಟ್ಟಿದ್ದ. ತಲೆ ಬಗ್ಗಿಸಿದರೂ ಅವು ಕತ್ತಿಗೆ ತಾಗುತ್ತಿದ್ದವು.

ಪಂಚರ ಎದುರು ಪಂಚನಾಮೆ ಶುರುವಾದದ್ದು ನಾಲ್ಕೂಕಾಲಿಗೆ. ಹೆಣ ಮಗುಚಿ ಬಿದ್ದಿತ್ತು. ತಲೆಯ ಹಿಂಭಾಗಕ್ಕೆ ಒಂದೇ ಪೆಟ್ಟು. ಪಕ್ಕದಲ್ಲಿ ರಕ್ತ ಮೆತ್ತಿದ ರುಬ್ಬುಗುಂಡು. ಮಚ್ಚಿನ ಗುರುತು ಎಲ್ಲೂ ಇರಲಿಲ್ಲ.

ಒಲೆಯ ಹತ್ತಿರ ಎರಡು ಲೋಟ ಬೆಲ್ಲದ ಕಾಫಿ. ಒಂದು ಖಾಲಿ. ಇನ್ನೊಂದು ತುಂಬಿತ್ತು, ಮೇಲೆ ಕೆನೆ ಕಟ್ಟಿತ್ತು.

"ಅಣ್ಣ ಎಲ್ಲರಿಗೂ ಕಾಫಿ ಕೊಡ್ತಿದ್ದನಾ?" ಚೈತ್ರಾ ವೆಂಕಟಯ್ಯನನ್ನು ಕೇಳಿದರು.

"ಎಲ್ಲಾರ್ಗೂ ಎಲ್ಲಿ ಕೊಟ್ಟಾನು? ಬೇಕಾದೋರು ಬಂದ್ರೆ ಒಲೆ ಹಚ್ಚೋನು."

"ಸ್ವಾಮಿಗೆ?"

ವೆಂಕಟಯ್ಯ ತಿರುಗಿ ಆ ತುಂಬಿದ ಲೋಟವನ್ನು ನೋಡಿದ.

ಹಾಸಿಗೆಯ ಕೆಳಗಿಂದ ಎಳೆದ ದೊಡ್ಡ ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದುಕೊಂಡು ನೆಲದ ಮೇಲಿತ್ತು. ಮುಚ್ಚಳದ ಅಂಚಿನಲ್ಲಿ ರಕ್ತದ ಒಂದು ಹೆಬ್ಬೆಟ್ಟು. ಒಳಗೆ ರಾಶಿ ರಾಶಿ ಮಾತ್ರೆಗಳ ಪಟ್ಟಿ. ಬ್ರೌನ್ ಕವರುಗಳ ಮೇಲೆ ಆಸ್ಪತ್ರೆಯ ಮನೋರೋಗ ವಿಭಾಗದ ಚೀಟಿಗಳು ಅಂಟಿದ್ದವು.

"ಇಲ್ಲಿಗೆ ಬಂದೋರು ಇಂಗ್ಲಿಷ್ ಮಾತ್ರೆ ಬುಟ್ಟೇ ಬರ್ಬೇಕು ಅಂತ ಇವನ ಕಟ್ಟಲೆ, ಮೇಡಂ," ಎಂದರು ರಸೂಲ್. "ತಂದು ಕಾಲ ಹತ್ರ ಇಡಬೇಕಂತೆ. ಕೆರೆಗೆ ಎಸೀತೀನಿ ಅಂತಿದ್ದ. ಒಂದೂ ಎಸೆದಿಲ್ಲ."

ಶವಪರೀಕ್ಷೆಯ ಪ್ರಕಾರ ಸಾವು ಬೆಳಗ್ಗೆ ಹನ್ನೊಂದು ಮತ್ತು ಮಧ್ಯಾಹ್ನ ಒಂದರ ನಡುವೆ.

ಗುರುವಾರ ಬೆಳಗ್ಗೆ ಸ್ವಾಮಿಯನ್ನು ಹೇಳಿಕೆಗಾಗಿ ಠಾಣೆಗೆ ಕರೆತಂದರು. ಭಾನುಪ್ರಿಯಳೂ ಬಂದಳು. ರಸೂಲ್ ಕೊಡಿಸಿದ ಇಡ್ಲಿಯಲ್ಲಿ ಅವನು ಚಟ್ನಿ ಮುಟ್ಟದ ಭಾಗವನ್ನು ಮಾತ್ರ ತಿಂದ.

"ಒಂದರ ಮೇಲೆ ಒಂದು ಬಿದ್ರೆ ತಿನ್ನಲ್ಲ ಸಾರ್," ಎಂದಳು ಅಕ್ಕ. "ಮುದ್ದೆ ಬೇರೆ ತಟ್ಟೆ, ಸಾರು ಬೇರೆ ತಟ್ಟೆ. ಚಿಕ್ಕೋನಿದ್ದಾಗ್ನಿಂದ್ಲೂ ಹಂಗೇಯ."

"ಸ್ವಾಮಿ, ಹೇಗೆ ಹೊಡೆದೆ?" ಚೈತ್ರಾ ಕೇಳಿದರು.

"ಮಚ್ಚಲ್ಲಿ."

"ಎಲ್ಲಿಗೆ?"

"ಹೊಟ್ಟೆಗೆ."

"ಮಚ್ಚು ಎಲ್ಲಿ?"

"ಅದು... ಅವ್ರು ಇಸ್ಕಂಡೋದ್ರು. ಯಾವಾಗ್ಲೂ ನನ್ನ ಕಿವಿಯೊಳ್ಗೆ ಮಾತಾಡ್ತಾರಲ್ಲ, ಅವ್ರು. ಹೋದ ವರ್ಸ ಡೇರಿ ಸೆಕ್ರೆಟ್ರಿ ಸತ್ತಾಗ್ಲೂ ನಾನೇ ಅಂದ್ರು."

ಅಷ್ಟರಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು ಕಾನ್‌ಸ್ಟೆಬಲ್ ಒಬ್ಬ ಒಳಗೆ ತಂದ. ಪಾರದರ್ಶಕ ಚೀಲದಲ್ಲಿ ಬಾಗಿಲ ಗರಿಗಳ ಗೊಂಚಲು ಇತ್ತು. ಅದನ್ನು ಕಂಡದ್ದೇ ಸ್ವಾಮಿ ಕಿರುಚಿಕೊಂಡು ಬೆಂಚಿನಿಂದ ಉರುಳಿದ. ಗೋಡೆಯ ಮೂಲೆಗೆ ತೆವಳಿ ಮಂಡಿಯೊಳಗೆ ಮುಖ ಹುದುಗಿಸಿದ. ನೆಲ ಒದ್ದೆಯಾಯಿತು.

"ತೆಗೀರಿ! ಆಚೆಗೆ ತಗಂಡೋಗಿ!" ಭಾನುಪ್ರಿಯ ಕೂಗಿದಳು. ಅವಳೇ ತಮ್ಮನ ಮೇಲೆ ಸೆರಗು ಹೊದಿಸಿ ತಬ್ಬಿಕೊಂಡಳು.

ಅವನು ಸುಧಾರಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಅವಳು ಹೇಳಿದಳು. "ಪುಕ್ಕ ಅಂದ್ರೆ ಜೀವ ಬುಡ್ತಾನೆ. ಕೋಳಿ ಇರೋ ಮನೆ ಬೀದೀಲೇ ಓಡಾಡಲ್ಲ. ಬೋರಲಿಂಗಯ್ಯನ ತಾವ ಕರ್ಕಂಡೋಗ್ವಾಗ ಕಣ್ಗೆ ಟವಲ್ ಕಟ್ಟಿ ನಾಕ್ ಜನ ಹೊತ್ಕಂಡೋಗಿದ್ರು. ಆವತ್ತಿಂದ ಕೆರೆ ದಿಕ್ಕಿಗೇ ತಲೆ ಹಾಕಿಲ್ಲ. ಮಾತ್ರೆ ಬುಟ್ಟು ಎರಡು ತಿಂಗ್ಳಾಯ್ತು. ನಂದೇ ತಪ್ಪು ಮೇಡಂ, ಊರೋರ್ ಮಾತು ಕೇಳ್ದೆ."

ರಸೂಲ್ ಚೈತ್ರಾರ ಮುಖ ನೋಡಿದರು. ಇಂಥವನು ಆ ಬಾಗಿಲು ದಾಟಿ ಒಳಗೆ ಹೋಗಿ, ತಾನು ಹೇಳಿದ ಮಚ್ಚನ್ನು ಬಿಟ್ಟು ರುಬ್ಬುಗುಂಡಿನಿಂದ ಹೊಡೆದ ಎನ್ನುವುದನ್ನು ಇಬ್ಬರೂ ನಂಬಲಿಲ್ಲ. ಆದರೆ ನಂಬಿಕೆಯನ್ನು ಕೋರ್ಟಿಗೆ ಒಪ್ಪಿಸಲಾಗುವುದಿಲ್ಲ. ಹೊರಗೆ ಕಲ್ಲುಕಟ್ಟೆದೊಡ್ಡಿಯ ಮೂವತ್ತು ಜನ ಬಂದು, ಅವನೇ ಒಪ್ಪಿಕೊಂಡ ಮೇಲೆ ಇನ್ನೇನು ತನಿಖೆ ಎಂದು ಗದ್ದಲ ಮಾಡುತ್ತಿದ್ದರು.

ಮಧ್ಯಾಹ್ನ ಸ್ವಾಮಿಯನ್ನು ಮನೋರೋಗ ತಜ್ಞೆ ಡಾಕ್ಟರ್ ನಿಖಾತ್ ಅವರ ಬಳಿಗೆ ಕಳಿಸಿ, ಚೈತ್ರಾ ತಾವೂ ಹೋದರು. ಡಬ್ಬಿಯ ಚೀಟಿಗಳ ಪಟ್ಟಿಯನ್ನು ಲಿಖಿತ ಕೋರಿಕೆಯ ಜೊತೆ ಮೇಜಿನ ಮೇಲಿಟ್ಟರು.

"ಹತ್ತು ಜನರ ಮಾತ್ರೆ ಇದೆ ಡಾಕ್ಟ್ರೇ."

ನಿಖಾತ್ ರಿಜಿಸ್ಟರಿನ ಜೊತೆ ತಾಳೆ ನೋಡಿದರು. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಈ ವರ್ಷ ಆ ಕಡೆಯ ಹಳ್ಳಿಗಳಿಂದ ಚಿಕಿತ್ಸೆ ಬಿಟ್ಟೋರು ಹನ್ನೊಂದು ಜನ. ಹತ್ತು ಜನ ಇಲ್ಲಿದ್ದಾರೆ. ಒಬ್ಬಳ ಮಾತ್ರೆ ಮಾತ್ರ ಇಲ್ಲ."

"ಯಾರದು?"

"ಪ್ರತಿಮಾ. ಇಪ್ಪತ್ತಾರು ವರ್ಷ, ಕಲ್ಲುಕಟ್ಟೆದೊಡ್ಡಿ. ಹೆರಿಗೆಯಾಗಿ ಮೂರು ವಾರಕ್ಕೆ ಕಾಯಿಲೆ ಶುರುವಾಗಿತ್ತು. ಮಗು ತನ್ನದಲ್ಲ, ಬದಲಾಯಿಸಿದ್ದಾರೆ ಅಂತಿದ್ದಳು. ಮಾತ್ರೆ ಕೊಟ್ಟ ಮೇಲೆ ಎರಡು ತಿಂಗಳಲ್ಲಿ ಚೆನ್ನಾಗಾದಳು. ಮೇ ಕಡೆಯ ವಾರ ಬಂದಾಗ ನನಗೆ ಒಂದು ಡಬ್ಬಿ ಹುಣಸೆ ತೊಕ್ಕು ತಂದುಕೊಟ್ಟಿದ್ದಳು. ಆಮೇಲೆ ಬರಲಿಲ್ಲ. ಮನೆಗೆ ವಿಚಾರಿಸಿದಾಗ ತವರಿಗೆ ಹೋಗಿದ್ದಾಳೆ ಅಂದರು."

ಚೈತ್ರಾ ಪಟ್ಟಿಯನ್ನು ಮಡಚಿದರು. "ತವರಿಗಲ್ಲ ಡಾಕ್ಟ್ರೇ. ಜುಲೈ ಮೂರಕ್ಕೆ ತೀರಿಕೊಂಡಳು. ಬಾವಿಗೆ ಬಿದ್ದು."

ಠಾಣೆಗೆ ಬಂದು ಅಸ್ವಾಭಾವಿಕ ಮರಣದ ಆ ಕಡತ ತೆಗೆಸಿದರು. 'ಮೃತಳು ಬಹುದಿನಗಳಿಂದ ಹೊಟ್ಟೆನೋವಿನಿಂದ ನರಳುತ್ತಿದ್ದು, ನೋವು ತಾಳಲಾರದೆ ಬಾವಿಗೆ ಬಿದ್ದು ಮೃತಪಟ್ಟಿರುತ್ತಾಳೆ. ಸಾವಿನಲ್ಲಿ ಯಾವುದೇ ಅನುಮಾನವಿರುವುದಿಲ್ಲ.' ಕೆಳಗೆ ಚೈತ್ರಾ ಅವರದೇ ಸಹಿ. ಇವೇ ಎರಡು ವಾಕ್ಯಗಳಿಗೆ ಅವರು ಎಷ್ಟೋ ಕಡತಗಳಲ್ಲಿ ಓದದೆ ಸಹಿ ಮಾಡಿದ್ದರು. ದೂರು ಕೊಟ್ಟವಳು ಮೃತಳ ಅತ್ತೆ ಕೆಂಚಮ್ಮ. ಓದು ಬಾರದ ಅವಳು ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ್ದಳು.

"ರಸೂಲ್, ಈ ಹೆಬ್ಬೆಟ್ಟನ್ನೂ ಡಬ್ಬಿ ಮುಚ್ಚಳದ ಗುರುತನ್ನೂ ಬೆರಳಚ್ಚು ವಿಭಾಗಕ್ಕೆ ಇವತ್ತೇ ಕಳಿಸಿ."

ಶುಕ್ರವಾರವಿಡೀ ಅವರು ಉಳಿದ ಹತ್ತು ಮನೆಗಳನ್ನು ಸುತ್ತಿದರು. ಬುಧವಾರ ಯಾರು ಎಲ್ಲಿದ್ದರು ಎಂಬುದು ಒಂದೊಂದಾಗಿ ಖಚಿತವಾಯಿತು. ಸಂಜೆ ಐದೂ ಹತ್ತಕ್ಕೆ ಫೋನ್ ಬಂತು. ಎರಡೂ ಗುರುತು ಒಬ್ಬರದೇ.

ನವೆಂಬರ್ 15, ಶನಿವಾರ, ಬೆಳಗ್ಗೆ ಹತ್ತೂವರೆ. ಕೆಂಚಮ್ಮ ಹುಳದ ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹರಡುತ್ತಿದ್ದಳು. ಸಾವಿರಾರು ಹುಳು ಒಟ್ಟಿಗೆ ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತಿತ್ತು. ಪಕ್ಕದ ಸೀರೆಯ ತೊಟ್ಟಿಲಲ್ಲಿ ಒಂಬತ್ತು ತಿಂಗಳ ಮಗು ಮಲಗಿತ್ತು.

"ಬುಧವಾರ ಹನ್ನೊಂದೂವರೆಗೆ ಎಲ್ಲಿದ್ರಿ ಅಮ್ಮ?"

"ಸೊಪ್ಪಿಗೋಗಿದ್ದೆ."

"ತೋಟ ಕೆರೆ ಆಚೆಗಿದೆ. ಬೋರಲಿಂಗಯ್ಯನ ಮನೆ ಮುಂದೆ ಹೋಗಬೇಕು."

"ಊಂ."

"ಒಳಗೆ ಹೋದ್ರಾ?"

ಕೆಂಚಮ್ಮ ಇನ್ನೊಂದು ಹಿಡಿ ಸೊಪ್ಪು ತೆಗೆದುಕೊಂಡಳು. ಅದನ್ನು ಹರಡಲಿಲ್ಲ. "ಸ್ವಾಮಿನ ಏನ್ ಮಾಡುದ್ರಿ?"

"ಆಸ್ಪತ್ರೇಲಿದ್ದಾನೆ. ಅವನ ಮೇಲೇ ಕೇಸು ಹಾಕಿ ಅಂತ ನಿಮ್ಮೂರೋರು ದಿನಾ ಬರ್ತಿದ್ದಾರೆ."

"ಅವನಲ್ಲ ಕಣವ್ವ." ಅವಳು ಸೊಪ್ಪನ್ನು ಕೆಳಗಿಟ್ಟಳು. "ಕಂಬಕ್ಕೆ ಕಟ್ಟವ್ರೆ ಅಂದಾಗ್ಲೇ ಬರ್ಬೇಕು ಅಂತ ಎದ್ದೆ. ಮಗ ಅಳ್ತು. ಕೂತ್ಬುಟ್ಟೆ. ಮೂರು ದಿನ ಹಂಗೇ ಕೂತ್ಬುಟ್ಟೆ."

ಚೈತ್ರಾ ನೆಲದ ಮೇಲೆ ಅವಳ ಎದುರು ಕೂತರು. ರಸೂಲ್ ಬಾಗಿಲಲ್ಲೇ ನಿಂತರು.

"ಹಾಲು ಕುಡ್ಸೋಳು ಮಾತ್ರೆ ತಿಂದ್ರೆ ಮಗೀಗೆ ವಿಷ ಆಯ್ತದೆ ಅಂದಿದ್ದ ಆ ಬೋರಲಿಂಗಯ್ಯ," ಎಂದಳು ಕೆಂಚಮ್ಮ. "ನಂಬ್ದೆ. ಅವ್ಳು ಬ್ಯಾಡ ಅತ್ತೆ, ಡಾಕ್ಟ್ರು ಏನೂ ಆಗಲ್ಲ ಅಂದವ್ರೆ ಅಂತ ಬಾಯ್ಗೆ ಹಾಕ್ಕಂಡ್ಲು. ನಾನೇ ದವಡೆ ಹಿಡ್ದು ಉಗುಳಿಸ್ದೆ. ಇದ್ದಬದ್ದ ಮಾತ್ರೆನೆಲ್ಲ ತಗಂಡೋಗಿ ಅವನ ಕಾಲತ್ರ ಇಟ್ಟೆ. ತಿಂಗ್ಳು ತುಂಬ್ನಿಲ್ಲ, ಬಾವಿಗೆ ಬಿದ್ಲು."

"ಆವತ್ತು ಠಾಣೇಲಿ ಅವಳಿಗೆ ಹೊಟ್ಟೆನೋವಿತ್ತು ಅಂದಿದ್ರಿ."

"ಹುಚ್ಚಿ ಮಗು ಅಂತಾರಲ್ಲ ಇದನ್ನ. ಅದ್ಕೆ ಅಂದೆ. ನೀವೂ ಬರ್ಕಂಡ್ರಿ."

ಚೈತ್ರಾ ಆ ಮಾತನ್ನೂ ಬರೆದುಕೊಂಡರು. "ಬುಧವಾರ ಏನಾಯ್ತು?"

"ಮಾತಾಡ್ಬೇಕು ಅಂತ ಹೋದೆ. ಬಾ ಕೆಂಚಮ್ಮ ಅಂತ ಕಾಫಿ ಕಾಸ್ದ. ನಾನು ಕುಡೀನಿಲ್ಲ. ಅವ್ಳು ಯಾಕೆ ಸತ್ಲು ಯೋಳು ಅಂದೆ. ಅವ್ಳ ನಡತೆ ಸರಿ ಇರ್ನಿಲ್ಲ, ಅದ್ಕೇ ದೇವ್ರು ಕೈ ಬುಟ್ಟ ಅಂದ. ಮಗೀಗೂ ಅದೇ ಹತ್ತೈತೆ, ಕಣ್ಣು ನೋಡುದ್ರೆ ಗೊತ್ತಾಯ್ತದೆ, ಶುಕ್ರವಾರ ತಂದು ಬುಡು, ಮೂರು ದಿನ ಹಾಲು ಕೊಡ್ದೆ ಮಡಗ್ಬೇಕು ಅಂದ. ಅಂದು, ದಾರ ತಕ್ಕಳಕ್ಕೆ ಹಾಸ್ಗೆ ಕೆಳ್ಗಿಂದ ಡಬ್ಬಿ ಎಳೆದ. ಕೆರೆಗೆಸ್ದೆ ಅಂದಿದ್ದ ಮಾತ್ರೆ ಅದ್ರಲ್ಲೇ ಇದ್ವು. ಅವ್ಳ ಕವರು ನಂಗೆ ಗೊತ್ತಾಯ್ತು, ಮೂಲೇಲಿ ಅರಿಶಿನದ ಕೈ ಆಗಿತ್ತು. ಅವನು ಬಗ್ಗಿದ್ದ. ಗುಂಡು ಕೈಗೆ ಸಿಕ್ತು."

ಡಬ್ಬಿಯಿಂದ ಎತ್ತಿಕೊಂಡು ಬಂದಿದ್ದ ಪ್ರತಿಮಾಳ ಮಾತ್ರೆಗಳನ್ನು ಅವಳೇ ಎದ್ದು ಟ್ರಂಕಿನಿಂದ ತೆಗೆದುಕೊಟ್ಟಳು. ಪಂಚರನ್ನು ಕರೆಸಿ ಮಹಜರು ಬರೆದು ಸಹಿ ಮಾಡಿಸುವ ಹೊತ್ತಿಗೆ ಕೆಂಚಮ್ಮನ ಮಗ, ಪ್ರತಿಮಾಳ ಗಂಡ ನಟರಾಜು ಬಂದ. ಬಿಡದಿಯ ಕಾರ್ಖಾನೆಯೊಂದರ ಸಮವಸ್ತ್ರದಲ್ಲೇ ಇದ್ದ. ರಸೂಲ್ ಫೋನಿನಲ್ಲಿ ಎಲ್ಲ ಹೇಳಿದ್ದರು. ಅವನು ಕೊಲೆಯ ಮಾತೇ ಎತ್ತಲಿಲ್ಲ.

"ಅವ್ವ, ಮಾತ್ರೆ ಬುಡ್ಸಿದ್ದು ನೀನಾ? ಅವ್ಳೇ ಬೇಡ ಅಂದ್ಲು ಅಂದಿದ್ದೆ ನಂಗೆ."

"ಊಂ ಕಣಪ್ಪ."

ಅವನು ತೊಟ್ಟಿಲಿಂದ ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದ. ಜೀಪು ಹೊರಡುವವರೆಗೂ ಈಚೆ ಬರಲಿಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 103(1)ರ ಅಡಿ ಹನ್ನೆರಡೂ ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಸ್ವಾಮಿಯನ್ನು ಹೊಡೆದ ಆರು ಜನರ ಮೇಲೆ ಬೇರೆ ಎಫ್‌ಐಆರ್ ಹಾಕಲು ಚೈತ್ರಾ ಹೇಳಿದರು. ಅವನ ಮಾತ್ರೆಗಳು ಮತ್ತೆ ಶುರುವಾಗಿದ್ದವು. ಆಸ್ಪತ್ರೆಯಲ್ಲಿ ಅಕ್ಕ ಎರಡು ತಟ್ಟೆಯಲ್ಲಿ ಊಟ ಕೊಡುತ್ತಿದ್ದಳು. ಪ್ರತಿಮಾಳ ಕಡತವನ್ನು ಮತ್ತೆ ತೆರೆಯಲು ಅನುಮತಿ ಕೋರಿ ಚೈತ್ರಾ ಮೇಲಧಿಕಾರಿಗೆ ಪತ್ರ ಬರೆದರು. ಅದರಲ್ಲಿ ತಮ್ಮ ಲೋಪವನ್ನೂ ಬರೆದರು.

ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮೊದಲು ವೈದ್ಯಕೀಯ ತಪಾಸಣೆಗೆ ಕೆಂಚಮ್ಮನನ್ನು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರ್ ನಿಖಾತ್ ಪಡಸಾಲೆಯಲ್ಲಿ ಎದುರಾದರು. ಕೆಂಚಮ್ಮ ಅವರನ್ನು ಒಮ್ಮೆ ಸೊಸೆಯ ಜೊತೆ ಬಂದಾಗ ನೋಡಿದ್ದಳು. ನಿಂತಳು.

"ತಾಯಿ, ಒಂದ್ ಮಾತು ಯೋಳ್ತೀರಾ? ಆವತ್ತು ಅವ್ಳು ಮಾತ್ರೆ ನುಂಗಿದ್ರೆ ಬದುಕ್ತಿದ್ಲಾ?"

ಬೋರಲಿಂಗಯ್ಯ ಪ್ರತಿಮಾಳ ನಡತೆಯ ಬಗ್ಗೆ ಆಡಿದ ಮಾತನ್ನು ಚೈತ್ರಾರಿಂದ ಆಗಲೇ ಕೇಳಿದ್ದ ನಿಖಾತ್ ಹತ್ತಿರ ಬಂದರು. ಚೈತ್ರಾರನ್ನು ನೋಡಿದರು, ಮತ್ತೆ ಮುದುಕಿಯನ್ನು ನೋಡಿದರು. "ಖಂಡಿತ ಅಂತ ಯಾರೂ ಹೇಳೋಕಾಗಲ್ಲ ಅಮ್ಮ. ಆದ್ರೆ ಅವಳು ಚೆನ್ನಾಗಾಗ್ತಿದ್ಲು. ಮಾತ್ರೆ ಬಿಡಿಸಿದ್ದು ತಪ್ಪು. ಅವಳ ನಡತೆ ತಪ್ಪಲ್ಲ."

ಕೆಂಚಮ್ಮ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಷ್ಟನ್ನ ಅವನ ಬಾಯಲ್ಲಿ ಯೋಳಿಸ್ಬೇಕು ಅಂತ್ಲೇ ಹೋಗಿದ್ದೆ ಕಣವ್ವ," ಎಂದಳು.

ಚೈತ್ರಾ ಆ ಮಾತನ್ನು ಹೇಳಿಕೆಯಲ್ಲಿ ಸೇರಿಸಿದರು. ಪೊಲೀಸ್ ಭಾಷೆಗೆ ತಿದ್ದಲಿಲ್ಲ.