ಗೋಡೆಯೊಳಗಿನ ಕೆಂಚನನ್ನು ಬಿಡಿಸಿದ್ದು

ಬಹಳ ಬಹಳ ಹಿಂದೆ, ಹಲ್ಲಿಗಳೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ, ಬೆಳ್ಗೋಡು ಎಂಬ ರಾಜ್ಯವಿತ್ತು. ಅಲ್ಲಿ ವರ್ಷಕ್ಕೊಮ್ಮೆ ಕೋಟೆಯ ಗೋಡೆಗೆ ಹೊಸ ಸುಣ್ಣ ಬಳಿದು ಮೂರು ದಿನ ಅದನ್ನು ಮಕ್ಕಳಿಗೆ ಬಿಟ್ಟುಕೊಡುತ್ತಿದ್ದರು. ನೆಟ್ಟಗೆ ನಿಲ್ಲಲು ಬಾರದ ಕೂಸಿನಿಂದ ಹಿಡಿದು ಮೀಸೆ ಚಿಗುರುತ್ತಿರುವ ಹುಡುಗರವರೆಗೆ ಎಲ್ಲರೂ ಇದ್ದಿಲು, ಕೆಮ್ಮಣ್ಣು, ಅರಿಸಿನ, ಸೊಪ್ಪಿನ ರಸ ಹಿಡಿದು ಬಂದು ಚಿತ್ರ ಬಿಡಿಸುವರು. ಊರಿಗೆ ಊರೇ ನೋಡಲು ಬರುವುದು. ರಾಜನೂ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು ನೋಡಬೇಕು. ಚೆನ್ನಾಗಿಲ್ಲ ಎಂದವರಿಗೆ ಆ ವರ್ಷ ಅರಮನೆಯ ಹೋಳಿಗೆ ಇಲ್ಲ. ಒಮ್ಮೆ ಮಂತ್ರಿಯೇ ಬಾಯಿಜಾರಿ ಹೋಳಿಗೆ ಕಳೆದುಕೊಂಡನಂತೆ, ಪಾಪ.

ಆ ಊರಿನ ಕುಂಬಾರರ ಮನೆಯಲ್ಲಿ ನೀಲವ್ವ ಎಂಬ ಹದಿನಾಲ್ಕರ ಹುಡುಗಿ, ಆರು ವರ್ಷದ ತಮ್ಮ ಕೆಂಚ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವನೆಂದರೆ ಅವಳಿಗೆ ಪ್ರಾಣ. ಆ ವಾರವಷ್ಟೇ ಕೆಂಚನ ಮುಂದಿನ ಹಲ್ಲು ಬಿದ್ದಿತ್ತು. ಹೊಸ ಹಲ್ಲು ಬರುವವರೆಗೆ ನನ್ನ ಚಿತ್ರ ಬರೆಯಬೇಡ ಅಕ್ಕಾ ಎಂದು ಅವಳ ಕೈಮೇಲೆ ಆಣೆ ಹಾಕಿಸಿಕೊಂಡಿದ್ದ.

ಮೊದಲ ದಿನ ಚಿತ್ರಗಳ ಮುಂದೆ ಜನ ಕಿಕ್ಕಿರಿದಿದ್ದಾಗ ಭಸ್ಮಾಕ್ಷನೆಂಬ ಮಂತ್ರವಾದಿ ಬಂದ. ಎತ್ತಿನ ಗಾತ್ರದ ಬಿಳಿ ಹಲ್ಲಿಯ ಮೇಲೆ ಕೂತು ಬಂದ. ನನ್ನನ್ನು ಗೋಡೆಯ ನಟ್ಟನಡುವೆ ಬಿಡಿಸಿ ಎಂದ. ದೊಡ್ಡ ಹುಡುಗರೆಲ್ಲ ಹಿಂದೆ ಸರಿದರು. ಕೆಂಚ ಮುಂದೆ ಬಂದು, ಅವನನ್ನು ಎರಡು ಸಲ ನೋಡಿ, ನೋಡಿದ್ದನ್ನು ನೋಡಿದ ಹಾಗೆ ಬಿಡಿಸಿದ. ಮಂತ್ರವಾದಿಯ ಮೂಗು ಬದನೆಕಾಯಿಯಂತಿತ್ತು. ಚಿತ್ರದಲ್ಲೂ ಹಾಗೇ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಸ್ಮಾಕ್ಷ ತನ್ನ ಚಿತ್ರವನ್ನು ಅಂಗೈಯಿಂದ ಒರೆಸಿಹಾಕಿ ಮಂತ್ರ ಹೇಳಿದ. ಗೋಡೆ ಬಾಯಿ ತೆರೆದು ಕೆಂಚನನ್ನು ನುಂಗಿ ಮತ್ತೆ ಮುಚ್ಚಿಕೊಂಡಿತು.

ಶಾಪ ಕೊಟ್ಟವನು ವಿಮೋಚನೆಯನ್ನೂ ಹೇಳಲೇಬೇಕು. ಅದು ಮಂತ್ರವಾದಿಗಳಿಗೆಲ್ಲ ಇರುವ ಕಟ್ಟಳೆ. ಭಸ್ಮಾಕ್ಷ ಹಲ್ಲು ಕಡಿಯುತ್ತ ಹೇಳಿದ: "ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಈ ಊರಿನ ಮಕ್ಕಳೇ ಇವನನ್ನು ಬಿಡಿಸಬೇಕು. ಇಲ್ಲವಾದರೆ ಇವನು ಸುಣ್ಣವಾಗಿ ಉದುರುತ್ತಾನೆ. ನೆನಪಿರಲಿ, ಒಮ್ಮೆ ಬಾಯಿ ತೆರೆದ ಗೋಡೆ ಖಾಲಿ ಹೊಟ್ಟೆಯಲ್ಲಿ ಇರುವುದಿಲ್ಲ."

ರಾಜ ಊರಿನ ಮಕ್ಕಳನ್ನೆಲ್ಲ ಸೇರಿಸಿ, ಹೇಗಾದರೂ ಮಾಡಿ ಬಿಡಿಸಿ ಎಂದು ಕೈಮುಗಿದ. ಮೊದಲು ಕಮ್ಮಾರರ ಮಕ್ಕಳು ಸುತ್ತಿಗೆ ತಂದು ಬಡಿದರು. ಗೋಡೆ ಒಂದು ಗೇಣು ದಪ್ಪವಾಯಿತು. ಎರಡನೆಯ ದಿನ ಮಾವುತರ ಮಕ್ಕಳು ಆನೆಗೆ ಹಗ್ಗ ಕಟ್ಟಿ ಎಳೆಸಿದರು. ಗೋಡೆ ಇನ್ನೊಂದು ಗೇಣು ದಪ್ಪವಾಯಿತು. ಮೂರನೆಯ ದಿನ ಬೆಳಿಗ್ಗೆ ಹದಿನಾರರ ಹುಡುಗರು ನೂರು ಮಂದಿ ಮರದ ದಿಮ್ಮಿ ಹೊತ್ತು ಗುದ್ದಿದರು. ಗೋಡೆ ಮತ್ತೊಂದು ಗೇಣು ದಪ್ಪವಾಯಿತು. ಒಳಗಿನಿಂದ ಕೇಳುತ್ತಿದ್ದ "ಅಕ್ಕಾ" ಎಂಬ ಕೂಗು ಸೊಳ್ಳೆಯ ದನಿಯಷ್ಟಾಯಿತು. ನೀಲವ್ವ ಅನ್ನ ನೀರು ಬಿಟ್ಟು ಗೋಡೆಗೆ ಕಿವಿಯಿಟ್ಟು ಕೂತಿದ್ದಳು. ಅವಳ ಸಂಕಟ ಯಾರಿಗೂ ಬೇಡ.

ಮಧ್ಯಾಹ್ನ ಪಕ್ಕದ ಮನೆಯ ಹೆಣ್ಣುಕೂಸೊಂದು ಇದ್ದಿಲ ಚೂರು ಹಿಡಿದು ತಪ್ಪುಹೆಜ್ಜೆ ಹಾಕುತ್ತ ಬಂತು. ಅದಕ್ಕೆ ಮೂರು ವರ್ಷ.

"ಎಲ್ಲರೂ ಕೆಂಚಣ್ಣನ್ನ ಬಿಡಿಸ್ತಾರಂತೆ. ನಾನೂ ಬಿಡಿಸ್ಲಾ ನೀಲಕ್ಕಾ?"

ಬಿಡಿಸು ಪುಟ್ಟಾ ಎಂದಳು ನೀಲವ್ವ, ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯದೆ. ಕೂಸು ಕುಕ್ಕರುಗಾಲಲ್ಲಿ ಕೂತು ಗೋಡೆಯ ಬುಡದಲ್ಲಿ ಒಂದು ವಕ್ರ ಪಾದ ಬಿಡಿಸಿತು. ಐದು ಬೆರಳಿರಬೇಕಾದಲ್ಲಿ ಏಳು ಬೆರಳು. ಅದರಲ್ಲಿ ಒಂದು ಬೆರಳು ಅಲ್ಲಾಡಿತು.

ನೀಲವ್ವ ದಿಗ್ಗನೆದ್ದಳು. ಅಯ್ಯೋ, ನಾವೆಂಥ ಮಂಕುದಿಣ್ಣೆಗಳು ಎಂದು ಹಣೆ ಬಡಿದುಕೊಂಡಳು. ಮಂತ್ರವಾದಿ ಹೇಳಿದ್ದು ಬಿಡಿಸಿ ಎಂದು. ಈ ಗೋಡೆಯ ಮುಂದೆ ನಿಂತು ವರ್ಷ ವರ್ಷವೂ ಅದನ್ನೇ ಮಾಡುವ ಮಕ್ಕಳಿಗೆ ಆ ಮಾತಿನ ಅರ್ಥ ಹೊಳೆಯದೆ, ಸುತ್ತಿಗೆ ಹಿಡಿದು ಮೂರು ದಿನ ಹಾಳುಮಾಡಿದ್ದರಲ್ಲ.

ಸುತ್ತಿಗೆ ಬಿಸಾಡಿ, ಇದ್ದಿಲು ತನ್ನಿ ಎಂದು ಅವಳು ಕೂಗಿದಳು. ಮಕ್ಕಳು ಓಡಿಬಂದರು. ಒಬ್ಬ ತನಗೆ ನೆನಪಿದ್ದ ಕೆಂಚನ ಮೊಣಕಾಲಿನ ಗಾಯ ಬಿಡಿಸಿದ. ಗೋಡೆಯಿಂದ ಮೊಣಕಾಲು ಉಬ್ಬಿಬಂತು. ಇನ್ನೊಬ್ಬಳು ಬುಗುರಿ ಹಿಡಿದ ಕೈ ಬಿಡಿಸಿದಳು. ಕೈ ಬಂತು. ಎಣ್ಣೆ ಕಾಣದ ಕೂದಲನ್ನು ಹತ್ತು ಮಂದಿ ಸೇರಿ ಬಿಡಿಸಿದರು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಂಥ ಪ್ರದರ್ಶನ ಬೆಳ್ಗೋಡಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ಸುದ್ದಿ ತಿಳಿದ ಭಸ್ಮಾಕ್ಷ ತನ್ನ ಹಲ್ಲಿಯನ್ನು ಬಿಟ್ಟ. ಅದು ಗೋಡೆ ಹತ್ತಿ, ಮಕ್ಕಳು ಬರೆದದ್ದನ್ನು ನಾಲಗೆಯಿಂದ ನೆಕ್ಕತೊಡಗಿತು. ನೆಕ್ಕಿದಲ್ಲೆಲ್ಲ ಕೆಂಚ ಮತ್ತೆ ಒಳಗೆ ಹೋದ. ಆಗ ನೇಕಾರರ ಹುಡುಗ ಸೋಮಲಿಂಗ, ಹದಿನೈದರವನು, ದೂರದ ಬುರುಜಿನ ಮೇಲೆ ನೊಣಗಳನ್ನು ಬಿಡಿಸಿದ. ಎಷ್ಟು ಚೆನ್ನಾಗಿ ಬಿಡಿಸಿದನೆಂದರೆ ಅವು ಗುಂಯ್ ಎಂದು ಹಾರಿಹೋದವು. ಹಲ್ಲಿ ಅವುಗಳ ಬೆನ್ನುಹತ್ತಿ ಬುರುಜು ಸುತ್ತಿ, ಗದ್ದೆ ದಾಟಿ, ಗುಡ್ಡ ದಾಟಿ ಹೋಯಿತು. ಇವತ್ತಿಗೂ ಬಂದಿಲ್ಲ.

ಹಲ್ಲಿ ಅಳಿಸಿದ್ದನ್ನೆಲ್ಲ ಮಕ್ಕಳು ಮತ್ತೆ ಬಿಡಿಸಿದರು. ಮುಖವೊಂದು ಉಳಿಯಿತು. ಅದನ್ನು ನೀಲವ್ವನೇ ಬಿಡಿಸಬೇಕೆಂದು ಎಲ್ಲರೂ ದಾರಿ ಬಿಟ್ಟರು. ಅವಳು ಕಣ್ಣು ಬಿಡಿಸಿದಳು, ಕಿವಿ ಬಿಡಿಸಿದಳು, ನಗುವ ಬಾಯಿ ಬಿಡಿಸಿ ದಾಳಿಂಬೆಯ ಹಾಗೆ ಹಲ್ಲು ಜೋಡಿಸಿದಳು. ಕೆಂಚ ಅಲ್ಲಾಡಲಿಲ್ಲ. ಸೂರ್ಯ ಬೆಟ್ಟದ ನೆತ್ತಿ ಮುಟ್ಟಿದ. ಗೋಡೆಯ ಬುಡದಲ್ಲಿ ಸುಣ್ಣ ಉದುರತೊಡಗಿತು.

ಆಗ ನೀಲವ್ವನಿಗೆ ಆಣೆ ನೆನಪಾಯಿತು. ತಮ್ಮನನ್ನು ಚಂದ ಮಾಡಲು ಹೋಗಿ ಅವಳು ಬೇರೆ ಯಾರನ್ನೋ ಬಿಡಿಸಿದ್ದಳು. "ನನ್ನ ಮೇಲೆ ಕೋಪ ಮಾಡ್ಕೋಬೇಡ ಕಣೋ" ಎಂದು ಹೇಳಿ, ಹೆಬ್ಬೆರಳಿನಿಂದ ಮುಂದಿನ ಹಲ್ಲನ್ನು ಒರೆಸಿದಳು. ಆ ಕಿಂಡಿಯಿಂದ ಫುಸ್ಸೆಂದು ಉಸಿರು ಬಂತು. ಹಿಂದೆಯೇ ಕೆಂಚ ಇಡಿಯಾಗಿ ಬಂದು ಅವಳ ಮಡಿಲಿಗೆ ಬಿದ್ದ. ಮೊದಲ ಮಾತೇ "ಆಣೆ ಮುರಿದೆಯಲ್ಲಕ್ಕಾ" ಎಂದು. ಅವಳು ಅವನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಊರೂ ಅತ್ತಿತು, ರಾಜನೂ ಅತ್ತ.

ಭಸ್ಮಾಕ್ಷ ಹುಡುಗನನ್ನು ಮತ್ತೆ ಒಳಗೆ ತಳ್ಳಲು ಓಡಿಬಂದ. ಹಸಿದ ಗೋಡೆಗೆ ಯಾರಾದರೇನು, ಎದುರಿಗೆ ಸಿಕ್ಕಿದ ಅವನನ್ನೇ ನುಂಗಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಬಿಡಿಸಿ, ನನ್ನನ್ನು ಬಿಡಿಸಿ ಎಂಬ ಗೋಳು ಕೇಳಿತು.

"ಮೊದಲ ದಿನವೇ ಬಿಡಿಸಿದ್ದನಲ್ಲ ನನ್ನ ತಮ್ಮ" ಎಂದಳು ನೀಲವ್ವ. "ನಿನಗೇ ಹಿಡಿಸಲಿಲ್ಲ."

ಜನರ ನಗು ಕೋಟೆಯಾಚೆಗೂ ಕೇಳಿತು. ಆದರೆ ಕೆಂಚನಿಗೆ ಗೋಡೆಯೊಳಗಿನ ಕತ್ತಲೆ ಗೊತ್ತಿತ್ತು. ಅವನು ಇದ್ದಿಲು ಎತ್ತಿಕೊಂಡು ಗಡ್ಡ ಬಿಡಿಸಿದ, ಕಣ್ಣು ಬಿಡಿಸಿದ. ಆಮೇಲೆ ಕೈ ತಡೆದು, ಮೂಗು ಹೇಗಿರಲಿ ಎಂದು ಕೇಳಿದ. ಗೋಡೆಯೊಳಗಿನಿಂದ ಭಸ್ಮಾಕ್ಷನ ದನಿ ಬಂತು.

"ಇರೋ ಹಾಗೇ ಇರಲಿ ಕಣಪ್ಪ."

ಬದನೆಕಾಯಿ ಮೂಗಿನ ಭಸ್ಮಾಕ್ಷ ಹೊರಗೆ ಬಂದ. ಅವನ ಮಂತ್ರವೆಲ್ಲ ಗೋಡೆಯೊಳಗೇ ಸುಣ್ಣವಾಗಿ ಉಳಿದು ಅದರ ಹೊಟ್ಟೆ ತುಂಬಿಸಿತು. ಅಂದಿನಿಂದ ವರ್ಷ ವರ್ಷವೂ ಮಕ್ಕಳಿಗಾಗಿ ಗೋಡೆಗೆ ಸುಣ್ಣ ಬಳಿಯುವ ಕೆಲಸ ಅವನದೇ ಆಯಿತು. ಬೆಳ್ಗೋಡಿನವರು ಉಂಡುಟ್ಟು ನಗುನಗುತ್ತ ಬಾಳಿದರು. ಕೆಂಚನಿಗೆ ಹೊಸ ಹಲ್ಲು ಬಂತು, ಸ್ವಲ್ಪ ಸೊಟ್ಟಗೆ. ಮರುವರ್ಷ ನೀಲವ್ವ ಅದನ್ನು ಸೊಟ್ಟಗೇ ಬಿಡಿಸಿದಳು, ಮತ್ತು ಅವನು ಆ ಚಿತ್ರದ ಪಕ್ಕ ಬಾಯಿ ತೆರೆದು ನಿಂತು ಬಂದವರಿಗೆಲ್ಲ ಹೋಲಿಸಿ ತೋರಿಸಿದ.