ಮೂರನೆಯ ಮುಖ

ಫೋಟೋಗ್ರಾಫರ್ ತನ್ನ ಸ್ಟುಡಿಯೋದ ಮೆಟ್ಟಿಲ ಕೆಳಗೆ ಕತ್ತು ಮುರಿದು ಬಿದ್ದಿದ್ದ. ಪಕ್ಕದಲ್ಲಿ ಅವನ ಕ್ಯಾಮೆರಾ. ಅದರೊಳಗಿನ ಮೆಮೊರಿ ಕಾರ್ಡ್ ಮಾತ್ರ ಮಾಯ!

ಕಾಲು ಜಾರಿದ ಎಂದರು ಪೊಲೀಸರು. ಪಾಲುದಾರನೇ ತಳ್ಳಿದ ಎಂದಿತು ಬೀದಿ. ಹಿಂದಿನ ವಾರವಷ್ಟೇ ಅವರಿಬ್ಬರೂ ಹಾವು ಮುಂಗುಸಿಯಂತೆ ಕಚ್ಚಾಡಿದ್ದರು.

ಹತ್ತು ದಿನವಾದ ಮೇಲೆ ಅವನ ಹೆಂಡತಿ ಆ ಕ್ಯಾಮೆರಾ ಹಿಡಿದು ನಮ್ಮ ರಿಪೇರಿ ಅಂಗಡಿಗೆ ಬಂದಳು. ಹೊರಗೆ ಕಾರಿನಲ್ಲಿ ಮೈದುನ, ಪುಟ್ಟ ಮಗಳು, ಗಂಟುಮೂಟೆ. ಇನ್ನು ಮುಂದೆ ತಾಯಿ ಮಗಳಿಗೆ ಮೈದುನನ ಮನೆಯೇ ಆಸರೆ.

"ಕಾರ್ಡ್ ಇಲ್ದಿದ್ರೂ ಒಳಗೇನಾದ್ರೂ ಉಳಿದಿರತ್ತಾ, ಅಕ್ಕಾ?"

ನನ್ನ ಅಕ್ಕನಿಗೆ ಜನ ಇಟ್ಟ ಹೆಸರು ಭೂತಗನ್ನಡಿ. ಅವಳು ಕ್ಯಾಮೆರಾ ಆನ್ ಮಾಡಿ ಲೆನ್ಸನ್ನು ಆಕೆಯತ್ತ ತಿರುಗಿಸಿದಳು. ಮುಂದಕ್ಕೆ ಮಡಚಿದ್ದ ಪರದೆಯಲ್ಲಿ ಆ ಮುಖದ ಸುತ್ತ ಚೌಕವೊಂದು ಮೂಡಿತು. ಕೆಳಗೆ ಅಕ್ಷರ ಬಂತು: 'ಮನೆಯವಳು'.

ಸತ್ತವನೇ ಒಳಗೆ ಕೂತು ಕರೆದಂತಾಯಿತು. ಆಕೆ ಬಿಕ್ಕಳಿಸಿ ಅತ್ತಳು.

"ಗುರುತಿನ ಮುಖಗಳನ್ನ ಇದು ನೆನಪಿಟ್ಕೊಳ್ಳತ್ತೆ," ಎಂದು ಅಕ್ಕ ಪಟ್ಟಿ ತೆರೆದು ನನಗೆ ಕೊಟ್ಟಳು. "ಯಾರ್ಯಾರಿದಾರೆ, ಓದೋ."

"ಒಂದು—ಮನೆಯವಳು. ಎರಡು—ಪುಟ್ಟಿ. ನಾಲ್ಕು—ಪಾಲುದಾರ. ನೋಡು, ಪಾಲುದಾರ ಇದಾನೆ!"

"ಕಣ್ಣಿದ್ದೂ ಕುರುಡ ನೀನು. ಮೂರು ಎಲ್ಲಿ?"

ಅವಳು ಕ್ಯಾಮೆರಾ ಆರಿಸಿ, ಎರಡು ಬಟನ್ ಒಟ್ಟಿಗೆ ಅದುಮಿ ಮತ್ತೆ ಆನ್ ಮಾಡಿದಳು. ಕೊಂಡವರಿಗೆ ಕಾಣದ, ರಿಪೇರಿಯವರಿಗಷ್ಟೇ ಗೊತ್ತಿರುವ ಮೆನು ತೆರೆಯಿತು. ಕ್ಯಾಮೆರಾ ತನಗಾದದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಅಲ್ಲಿ ಬರೆದಿಟ್ಟುಕೊಂಡಿತ್ತು.

"ಅವರು ಬಿದ್ದ ದಿನ. ಸಂಜೆ ಐದು ಹತ್ತು—ಜೋರು ಪೆಟ್ಟು. ಐದು ಹದಿಮೂರು—ಕಾರ್ಡ್ ಹೊರಗೆ. ಐದು ಹದಿನಾರು—ಮೂರನೇ ಮುಖ ಅಳಿಸಿದೆ. ಡಾಕ್ಟರ್ ಏನಂದ್ರು?"

"ಬಿದ್ದ ತಕ್ಷಣ ಹೋಗ್ಬಿಟ್ರಂತೆ."

"ಮತ್ತೆ ಅಳಿಸಿದ್ದು ಯಾರು?"

ಅಕ್ಕ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು.

"ತಳ್ಳಿದೋನು ತನ್ನ ಫೋಟೋ ಇರಬಹುದು ಅಂತ ಕಾರ್ಡ್ ಕಿತ್ತ," ಎಂದಳು ಅಕ್ಕ. "ಆದ್ರೂ ಕೈಲಿದ್ದ ಕ್ಯಾಮೆರಾ ಅವನ ಮುಖಕ್ಕೆ ಚೌಕ ಹಾಕಿ ಹೆಸರು ತೋರಿಸ್ತು. ಹೆಣದ ಪಕ್ಕ ನಿಂತೋನಿಗೆ ಹೇಗಾಗಿರ್ಬೇಡ? ಹೆದರಿ ಹೆಸರು ಅಳಿಸಿದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ! ಪಾಲುದಾರ ಆಗಿದ್ರೆ ನಾಲ್ಕನ್ನ ಅಳಿಸ್ತಿದ್ದ. ಮೂರನೇದು ಯಾರದಮ್ಮಾ?"

ಆಕೆ ಹೊರಗಿನ ಕಾರಿನತ್ತ ತಿರುಗಿದಳು.

"ಮೈದುನಂದು. ನಾನೇ ಎದುರು ನಿಲ್ಲಿಸಿ ಸೇರಿಸಿದ್ದೆ. ಸ್ಟುಡಿಯೋ ನಂಗೆ ಬಿಟ್ಕೊಡು ಅಂತ ಅಣ್ಣನ ಪ್ರಾಣ ತಿಂತಿದ್ದ... ಅಯ್ಯೋ, ಪುಟ್ಟಿ ಅವನ ಜೊತೆಗಿದಾಳೆ!"

ಅಕ್ಕ ಪೊಲೀಸರಿಗೆ ಫೋನ್ ಹಚ್ಚಿದಳು. ಆಕೆ ಕಣ್ಣೊರೆಸಿಕೊಂಡು ಬಾಗಿಲಿಗೆ ಹೋದಳು. ಆ ನಗುವನ್ನು ಎಲ್ಲಿಂದ ತಂದಳೋ ದೇವರೇ ಬಲ್ಲ.

"ಪುಟ್ಟೀ, ಬಾ ಇಲ್ಲಿ. ಅಪ್ಪನ ಕ್ಯಾಮೆರಾ ನಿನ್ನ ಹೆಸರು ಹೇಳತ್ತೆ, ನೋಡು ಬಾ!"

ಮಗು ಕಾರಿನಿಂದ ಇಳಿದು ಓಡಿ ಬಂತು. ನಾನು ಬಾಗಿಲು ಹಾಕಿ ಅಗುಳಿ ಜಡಿದೆ. ಹೊರಗೆ ಮೈದುನ ಹಾರನ್ ಒತ್ತುತ್ತಲೇ ಇದ್ದ.