ಚಿಕ್ಕಬೋರಮ್ಮ ಕೇಳದ ಕ್ಷಮೆ

ಸೋಮವಾರ ಬೆಳಿಗ್ಗೆ ಹಲಗೂರು ಪೊಲೀಸ್ ಠಾಣೆಗೆ ಬಂದ ಚಿಕ್ಕಬೋರಮ್ಮನವರನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ. ಸೌದೆ ಒಲೆಯ ಮುಂದೆ ಕೂತು, ಸಾರು ಕುದಿಸುತ್ತ ಲೋಕವನ್ನೆಲ್ಲ ಬೈಯುವ ಅವರ ರೀಲ್ಸ್‌ಗೆ ಮಂಡ್ಯ ಜಿಲ್ಲೆ ತುಂಬ ಫಾಲೋವರ್ಸ್ ಇದ್ದರು. ಹೆಡ್ ಕಾನ್‌ಸ್ಟೆಬಲ್ ಸಿದ್ದರಾಜು ತಾವೇ ಕುರ್ಚಿ ಎಳೆದು ಹಾಕಿದರು. ಜೊತೆಗೆ ಬಂದ ಗಂಡ ನಿಂಗಯ್ಯ ಮಾತ್ರ ಬಾಗಿಲ ಬಳಿಯೇ ನಿಂತರು.

"ನನ್ ದನೀನ ಯಾರೋ ಕದ್ದವ್ರೆ ಕಣಮ್ಮ," ಎಂದರು ಚಿಕ್ಕಬೋರಮ್ಮ.

ಇನ್‌ಸ್ಪೆಕ್ಟರ್ ತಾಹೇರಾ ಪೆನ್ನು ಕೆಳಗಿಟ್ಟರು. ಹಲಗೂರಿಗೆ ವರ್ಗವಾಗಿ ಬಂದ ಮೇಲೆ ಕುರಿ ಕಳುವಾದ ದೂರು, ಪಂಪ್‌ಸೆಟ್ಟಿನ ವೈರು ಕಳುವಾದ ದೂರು ಎಲ್ಲ ಕೇಳಿದ್ದರು. ದನಿ ಕಳುವಾದ ದೂರು ಇದೇ ಮೊದಲು.

ಚಿಕ್ಕಬೋರಮ್ಮ ಫೋನು ಮುಂದಿಟ್ಟರು. ಅವರ ಖಾತೆಯ ಹೆಸರು 'ಬೋರಮ್ಮನ ಒಲೆ'. ಈಗ 'ಬೋರಮ್ಮನ ಹೊಸ ಒಲೆ' ಅಂತ ಇನ್ನೊಂದು ಹುಟ್ಟಿಕೊಂಡಿತ್ತು. ಅದರಲ್ಲಿದ್ದದ್ದು ಒಂದೇ ವಿಡಿಯೋ. ಚಿಕ್ಕಬೋರಮ್ಮನವರ ಫೋಟೋ, ಹಿಂದೆ ಅವರದೇ ದನಿ: "ತಂಗಿ ದೇವಿರಮ್ಮ, ಅವತ್ತು ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ. ನಮ್ಮವ್ವ ಬಸ್ಸಾರಿಗೆ ಜೀರಿಗೆ ಹಾಕುತ್ತಿರಲಿಲ್ಲ. ನೀನು ಹೇಳಿದ್ದೇ ಸರಿ."

"ಇದು ನಿಮ್ಮ ದನಿಯೇ ಅಲ್ವಾ ಬೋರಮ್ಮ?" ಎಂದರು ಸಿದ್ದರಾಜು.

"ದನಿ ನಂದೇ, ಮಾತು ನಂದಲ್ಲ. ಕ್ಷಮೆ ಅನ್ನೋದು ನನ್ ಬಾಯಲ್ಲಿ ಯಾವತ್ತು ಬಂದಿತ್ತು? ಕೇಳಿ ಇವ್ರನ್ನೇ!"

ಬಾಗಿಲಲ್ಲಿ ನಿಂಗಯ್ಯ ಕೆಮ್ಮಿದರು.

ವಿಷಯ ಇಷ್ಟು. ಮೂರು ವರ್ಷದ ಹಿಂದೆ ಅಕ್ಕನ ಬಸ್ಸಾರಿನ ರೀಲ್ಸ್ ಕೆಳಗೆ ಮದ್ದೂರಿನ ದೇವಿರಮ್ಮ, ಅವ್ವ ಇದಕ್ಕೆ ಜೀರಿಗೆ ಹಾಕುತ್ತಿರಲಿಲ್ಲ ಅಂತ ಕಾಮೆಂಟ್ ಬರೆದಿದ್ದರು. ಸಾವಿರಾರು ಜನ ನೋಡುವ ಕಡೆ ತಂಗಿ ತಪ್ಪು ಹಿಡಿದಳು ಅಂತ ಅಕ್ಕ ಬ್ಲಾಕ್ ಮಾಡಿದರು. ಫೋನಿನಲ್ಲಿ ಶುರುವಾದ ಬ್ಲಾಕು ಎರಡು ಮನೆಯ ಹೊಸ್ತಿಲಿಗೂ ಬಂತು. ಆ ಮನೆಗೆ ಕಾಲಿಡಬಾರದು, ಫೋನೂ ಮಾಡಬಾರದು ಅಂತ ಅಕ್ಕತಂಗಿ ಇಬ್ಬರೂ ತಂತಮ್ಮ ಗಂಡಂದಿರಿಂದ ಆಣೆ ಹಾಕಿಸಿಕೊಂಡಿದ್ದರು.

ಈಗ ಆ ಕ್ಷಮೆಗೆ ದೇವಿರಮ್ಮ ಊರಿಗೆಲ್ಲ ಕಾಣುವಂತೆ ಉತ್ತರ ಬರೆದಿದ್ದರು: 'ಅಕ್ಕ, ಮೊಮ್ಮಗಳ ನಿಶ್ಚಿತಾರ್ಥ ಐತೆ. ನೀನೇ ಮುಂದೆ ನಿಂತ್ಕೋಬೇಕು.'

"ಅದು ನಾನ್ ಏಳಿದ್ದಲ್ಲ ಅಂದ್ರೆ ಮದ್ದೂರ್ನಲ್ಲಿ ಅವಳ ಮಾನ ಓಯ್ತದೆ. ಸುಮ್ನಿದ್ರೆ ನಂದು ಓಯ್ತದೆ. ಯಾವನು ಮಾಡಿದ್ರೂ ಸರಿ, ನನ್ ಮಗನೇ ಆಗಿರ್ಲಿ, ಒಳಕ್ ಆಕಿ."

"ಇದನ್ನು ವಾಯ್ಸ್ ಕ್ಲೋನ್ ಅಂತಾರಮ್ಮ," ತಾಹೇರಾ ಬಿಡಿಸಿ ಹೇಳಿದರು. "ನೀವು ಮಾತಾಡಿರೋದನ್ನ ಸ್ವಲ್ಪ ಕೇಳಿಸಿದರೆ ಸಾಕು, ನೀವು ಆಡದ ಮಾತನ್ನೂ ಕಂಪ್ಯೂಟರ್ ನಿಮ್ಮ ದನಿಯಲ್ಲೇ ಆಡುತ್ತೆ."

"ಅಯ್ಯೋ, ನಾನ್ ಸತ್ ಮ್ಯಾಕೂ ಬೈಬೌದಾ?"

"ಬೈಬಹುದು."

ಆ ಸುದ್ದಿ ಚಿಕ್ಕಬೋರಮ್ಮನವರಿಗೆ ಅಷ್ಟೇನೂ ಬೇಸರ ತಂದಂತೆ ಕಾಣಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66 ಸಿ ಅಡಿ, ಬೇರೆಯವರ ಗುರುತು ಕದ್ದು ಬಳಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು.

ನಕಲಿ ಖಾತೆ ತೆರೆದವರ ವಿವರ ಕೇಳಿ ಕಂಪನಿಗೆ ನೋಟಿಸು ಹೋಯಿತು. ಮುಂದಿನ ವಾರ ಬಂದ ಉತ್ತರ ನೋಡಿ ಸಿದ್ದರಾಜು ಕಣ್ಣುಜ್ಜಿಕೊಂಡರು. ಖಾತೆ ತೆರೆದದ್ದು ಚಿಕ್ಕಬೋರಮ್ಮನವರದೇ ಮೊಬೈಲ್ ನಂಬರಿನಿಂದ. ಇಂಟರ್‌ನೆಟ್ ಮಾತ್ರ ಮಳವಳ್ಳಿಯ ಒಂದು ಮೊಬೈಲ್ ಅಂಗಡಿಯ ವೈಫೈ.

ತಾಹೇರಾ ಚಿಕ್ಕಬೋರಮ್ಮನವರಿಗೆ ಫೋನ್ ಮಾಡಿದರು.

"ಖಾತೆ ತೆರೆಯುವಾಗ ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿರುತ್ತೆ. ಗುಟ್ಟಿನ ನಂಬರು. ಅದನ್ನ ಯಾರಿಗಾದರೂ ಹೇಳಿದ್ರಾ?"

"ಇಲ್ಲ ಕಣಮ್ಮ."

"ಫೋನ್ ಯಾರ ಕೈಗಾದರೂ ಕೊಟ್ಟಿದ್ರಾ?"

"ಗ್ಲಾಸ್ ಒಡ್ದೋಗಿತ್ತು. ನಮ್ಮನೆಯವ್ರು ಮಳವಳ್ಳಿಗೆ ತಗೊಂಡೋಗಿ ಆಕಿಸ್ಕಂಡ್ ಬಂದ್ರು."

"ಅವರಿಗೆ ಇದೆಲ್ಲ ಗೊತ್ತಾಗುತ್ತಾ?"

ಚಿಕ್ಕಬೋರಮ್ಮ ಜೋರಾಗಿ ನಕ್ಕರು. "ಅವ್ರು ಫ್ಯಾನ್ ಸ್ವಿಚ್ ಒತ್ತಕ್ಕೂ ನನ್ ಕೇಳ್ತಾರೆ, ಬುಡಿ."

ತಾಹೇರಾ ನಗಲಿಲ್ಲ. ಜೀಪು ಮಳವಳ್ಳಿಗೆ ಹೊರಟಿತು.

ಅಂಗಡಿಯ ನಯಾಜ್ ಪಾಷಾ ಅವತ್ತಿನ ಗಿರಾಕಿಯನ್ನು ಮರೆತಿರಲಿಲ್ಲ. "ಹೆಲ್ಮೆಟ್ ತೆಗೀಲೇ ಇಲ್ಲ ಮೇಡಂ. ಶೀತ ಅಂದ್ರು. ಗ್ಲಾಸ್ ಹಾಕಿಕೊಟ್ಟ ಮೇಲೆ, ವೈಫೈ ಕೊಡಪ್ಪ ಅಂದ್ರು. ಆಮೇಲೆ ಮೂಲೇಲಿ ಕೂತು ಬೋರಮ್ಮನ ರೀಲ್ಸ್ ಒಂದೊಂದೇ ಹಾಕಿಕೊಂಡು, ಬೈಗುಳ ಇಲ್ದಿರೋದು ಒಂದೂ ಇಲ್ವಲ್ಲಾ ಅಂತ ಗೊಣಗ್ತಾ ಇದ್ರು."

"ಯಾವ ಬೈಕಿನಲ್ಲಿ ಹೋದರು?"

"ಬೈಕೆಲ್ಲಿ ಮೇಡಂ? ಹೆಲ್ಮೆಟ್ ಹಾಕ್ಕೊಂಡೇ ಹಲಗೂರು ಬಸ್ ಹತ್ತಿದ್ರು."

ಸಿದ್ದರಾಜು ಗೋಡೆಯ ಕಡೆ ತಿರುಗಿ ನಕ್ಕರು. ಸಿಸಿಟಿವಿಯಲ್ಲಿ, ಯಾರೂ ನೋಡುತ್ತಿಲ್ಲ ಅಂದುಕೊಂಡ ಗಳಿಗೆಯಲ್ಲಿ, ಆ ವ್ಯಕ್ತಿ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡಿದ್ದರು. ನಿಂಗಯ್ಯ!

ಮರುದಿನ ಗಂಡಹೆಂಡಿರನ್ನು ಠಾಣೆಗೆ ಕರೆಸಿದರು. ಸಿಸಿಟಿವಿ ಚಿತ್ರ ಮೇಜಿನ ಮೇಲಿಟ್ಟರು.

"ಈ ವಿಡಿಯೋ ಮಾಡಿದ್ದು ಯಾರು?"

"ನಾನೇ ಕಣವ್ವ," ಎಂದರು ನಿಂಗಯ್ಯ.

"ಕಲಿತದ್ದೆಲ್ಲಿ?"

"ಫೋನ್ನಲ್ಲೇ. ಇವ್ಳು ಅಡ್ಗೆ ಮಾಡೋವಾಗ ವಿಡಿಯೋ ಇಡ್ಯೋನು ನಾನೇ. ಇಡೀತಾ ಇಡೀತಾ ಎಲ್ಲಾ ಕಲ್ತ್ಕಂಡೆ."

"ಯಾಕೆ ಮಾಡಿದ್ರಿ?"

ನಿಂಗಯ್ಯ ನೆಲ ನೋಡಿದರು. ಚಿಕ್ಕಬೋರಮ್ಮನವರ ಬಾಯಿಂದ ಬೈಗುಳದ ಮಳೆ ಸುರಿಯುತ್ತದೆಂದು ಠಾಣೆಯೆಲ್ಲ ಕಿವಿಗೊಟ್ಟು ಕಾಯಿತು. ಅವರು ಗಂಡನನ್ನು ಹೊಸಬರನ್ನು ನೋಡಿದ ಹಾಗೆ ನೋಡಿ, ಮೆಲ್ಲಗೆ ಕೇಳಿದರು: "ಅಷ್ಟು ಚೆಂದಾಗಿ ಮಾತಾಡಕ್ ಬತ್ತದಾ ನಿಮ್ಗೆ?"

"ನಿನ್ ದನೀಲಿ ಆದ್ರೆ ಬತ್ತದೆ."

ಪಂಚರ ಸಮಕ್ಷಮ ಫೋನು ಜಪ್ತಿಯಾಗಿ ಪಂಚನಾಮೆ ಬರೆದದ್ದಾಯಿತು. ಕೇಸು ಬಿಟ್ಟುಬಿಡಿ ಅಂತ ಚಿಕ್ಕಬೋರಮ್ಮ ಈಗ ರಾಗ ಬದಲಿಸಿದರು. ಇನ್ನು ಅದು ಕೋರ್ಟಿನ ತೀರ್ಮಾನ ಎಂದ ತಾಹೇರಾ ನಿಂಗಯ್ಯನವರನ್ನು ದಸ್ತಗಿರಿ ಮಾಡಿದರು. ಜಾಮೀನು ಸಿಗುವ ಅಪರಾಧವಾದ್ದರಿಂದ, ಒಬ್ಬ ಜಾಮೀನುದಾರ ಬಂದರೆ ಇವತ್ತೇ ಮನೆಗೆ ಹೋಗಬಹುದಿತ್ತು.

"ದಸ್ತಗಿರಿ ವಿಷಯ ಯಾರಿಗೆ ತಿಳಿಸಬೇಕು?" ಸಿದ್ದರಾಜು ಕೇಳಿದರು. "ನಿಮ್ಮ ಕಡೆಯವರು ಒಬ್ಬರ ಹೆಸರು ಹೇಳಿ."

ನಿಂಗಯ್ಯ ಯೋಚಿಸಲೇ ಇಲ್ಲ. "ಚಿಕ್ಕಮಾದು. ನಮ್ ಸಡ್ಡಕ. ದೇವಿರಮ್ಮನ ಯಜಮಾನ." ಮೂರು ವರ್ಷ ಒಮ್ಮೆಯೂ ಒತ್ತದ ಆ ನಂಬರನ್ನು ಗುಟುಕು ನೀರು ಕುಡಿದಂತೆ ಸಲೀಸಾಗಿ ಹೇಳಿದರು.

ಮದ್ದೂರಿನಿಂದ ಬಂದ ಆಟೋದಿಂದ ಚಿಕ್ಕಮಾದು ಇಳಿದರು. ಹಿಂದೆಯೇ ದೇವಿರಮ್ಮ. ಅಕ್ಕತಂಗಿ ಠಾಣೆಯ ಅಂಗಳದಲ್ಲಿ ಎದುರುಬದುರಾದರು.

"ಅದು ನಾನೇಳಿದ್ದಲ್ಲ ಕಣೆ," ಎಂದರು ಚಿಕ್ಕಬೋರಮ್ಮ.

"ಗೊತ್ತು ಕಣಕ್ಕ. ಕ್ಷಮೆ ಅಂದಾಗ್ಲೇ ಗೊತ್ತಾಯ್ತು."

"ಮತ್ಯಾಕೆ ನಿಸ್ಚಿತಾರ್ತಕ್ ಕರ್ದೆ?"

"ಕರೀಬೇಕು ಅಂತ ಕಾಯ್ತಿದ್ದೆ. ನೆಪ ಸಿಕ್ತು." ದೇವಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬತ್ತೀಯೋ ಇಲ್ವೋ?"

"ಬರ್ದೆ ಇರ್ತೀನಾ? ನೀನ್ ಮಾಡ್ಸೋ ಅಡ್ಗೇನ ಬೀಗ್ರು ತಿಂದಾರಾ? ನಾನೇ ನಿಂತ್ ಮಾಡಿಸ್ತೀನಿ." ಚಿಕ್ಕಬೋರಮ್ಮ ತಂಗಿಯ ತೋಳು ಹಿಡಿದೆಳೆದುಕೊಂಡು ನೆರಳಿಗೆ ಹೋದರು. ಅಲ್ಲಿಂದ ಇಬ್ಬರೂ ಒಟ್ಟಿಗೇ ಮಾತಾಡುವ ಸದ್ದು ಬಂತು. ಕೇಳುವವರು ಮಾತ್ರ ಯಾರೂ ಇದ್ದಂತಿರಲಿಲ್ಲ.

ಒಳಗೆ ಚಿಕ್ಕಮಾದು ಜಾಮೀನಿಗೆ ಸಹಿ ಹಾಕುತ್ತಿದ್ದರು. ತಾಹೇರಾ ನಿಂಗಯ್ಯನವರನ್ನು ಇನ್ನೊಮ್ಮೆ ಕೇಳಿದರು: "ಈಗಲಾದರೂ ಹೇಳಿ. ಯಾಕೆ?"

"ಮೊದ್ಲು ವಾರಕ್ಕೊಂದ್ಸಲ ಮದ್ದೂರ್ಗೋಗಿ ಇವ್ನ್ ಜೊತೆ ರೈಲ್ವೆ ಸ್ಟೇಷನ್ ಬೆಂಚ್ ಮೇಲೆ ಕೂತ್ಕತಿದ್ದೆ ಕಣವ್ವ. ಅದೂ ಇದೂ ಮಾತಾಡ್ಕಂಡು, ರೈಲ್ ನೋಡ್ಕಂಡು. ಅವ್ರಿಬ್ರ ಜಗಳ್ದಲ್ಲಿ ಅದು ನಿಂತೋಯ್ತು. ನನ್ ಮಾತ್ ಕೇಳೋನು ಇವ್ನೊಬ್ನೇ ಇದ್ದಿದ್ದು."

"ನಂಗೂ ಇವ್ನೊಬ್ನೇ," ಎಂದರು ಚಿಕ್ಕಮಾದು, ಸಹಿಯಿಂದ ತಲೆಯೆತ್ತದೆ. "ಎದ್ದೇಳ್ಲಾ, ಓಗವ."

ಇಬ್ಬರೂ ಹೊರಗೆ ಹೋದರು. ತಾಹೇರಾ ಕೇಸ್ ಡೈರಿ ತೆರೆದು ಕೃತ್ಯದ ಉದ್ದೇಶ ಬರೆಯುವ ಕಡೆ ಪೆನ್ನು ಹಿಡಿದರು. ಒಂದೇ ಸಾಲು ಬರೆದರು: 'ಆರೋಪಿಗೆ ಮಾತಾಡಲು ಜೊತೆ ಬೇಕಾಗಿತ್ತು.'